ಡೇಟಾ ಗವರ್ನೆನ್ಸ್‌ಗೆ ಮ್ಯಾನೇಜರ್: ಒಳಗಿನವರನ್ನು ಏರಿಸುವುದೋ, ಪುಣೆ–ಬೆಂಗಳೂರಿನಿಂದ ಕರೆತರುವುದೋ?

ಡೇಟಾ ಗವರ್ನೆನ್ಸ್‌ಗೆ ಒಬ್ಬ ಮ್ಯಾನೇಜರ್ ಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿಬಿಡುತ್ತದೆ. ತಲೆನೋವು ಶುರುವಾಗುವುದು ಆಮೇಲೆ, ಎಚ್‌ಆರ್‌ನವರ ಮೇಜಿನ ಮೇಲೆ. ಕಬ್ಬಿನ ವಿಭಾಗದಲ್ಲಿ ಹದಿನೈದು ವರ್ಷ ಪಳಗಿದ ಒಳಗಿನವರ ಹೆಸರು ಒಂದು ಕಡೆ, ಪುಣೆಯಲ್ಲೋ ಬೆಂಗಳೂರಿನಲ್ಲೋ ಇದೇ ಕೆಲಸ ಮಾಡಿಕೊಂಡಿರುವವರ ಬಯೋಡೇಟಾ ಇನ್ನೊಂದು ಕಡೆ. ನಡುವೆ "ಇದನ್ನೂ ನಾನೇ ನೋಡಿಕೊಳ್ಳುತ್ತೇನೆ ಬಿಡಿ" ಎನ್ನುವ ಐಟಿ ಮುಖ್ಯಸ್ಥರು, ತಿಂಗಳ ಲೆಕ್ಕದ ಸಲಹೆಗಾರರು, ನಿವೃತ್ತ ಬ್ಯಾಂಕ್ ಅಧಿಕಾರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ, ಸಿಮೆಂಟ್, ಫೌಂಡ್ರಿ, ಬಿಡಿಭಾಗಗಳ ದೊಡ್ಡ ಕಂಪನಿಗಳು ಈಗ ಈ ಇಕ್ಕಟ್ಟಿನಲ್ಲಿವೆ. ಈ ಬರಹ ಅವರಿಗಾಗಿ. ಉದಾಹರಣೆಗಳನ್ನು ಹೆಚ್ಚಾಗಿ ಸಕ್ಕರೆಯಿಂದಲೇ ತೆಗೆದುಕೊಂಡಿದ್ದೇವೆ. ಗೊಂದಲ ಅಲ್ಲಿ ಎದ್ದು ಕಾಣುತ್ತದೆ.

ಕೆಲಸ ಏನೆಂದು ಮೊದಲು ಗೊತ್ತಾಗಲಿ

"ನಿನ್ನೆ ಎಷ್ಟು ಟನ್ ಕಬ್ಬು ನುರಿಸಿದೆವು?" ಎಂದು ಕೇಳಿ ನೋಡಿ. ಕಾಟಾದವರು, ಅಂದರೆ ಗಾಡಿ ತೂಗುವವರು, ಒಂದು ಅಂಕಿ ಕೊಡುತ್ತಾರೆ: ಖಾಲಿ ಗಾಡಿಯ ತೂಕವೂ ಮುಗಿದು ಚೀಟಿ ಹರಿದ ಗಾಡಿಗಳ ನಿವ್ವಳ ತೂಕ. ಲ್ಯಾಬ್‌ನವರದ್ದು ಬೇರೆ: ಯಾರ್ಡ್‌ನಲ್ಲಿ ಉಳಿದ ಕಬ್ಬನ್ನು ಕಳೆದು, ಹಿಂದಿನ ದಿನದ ಉಳಿಕೆಯನ್ನು ಕೂಡಿಸಿದ ಅಂಕಿ. ಅದೂ ಬೆಳಗಿನ ಶಿಫ್ಟ್‌ನಿಂದ ಮರುದಿನದ ಬೆಳಗಿನ ಶಿಫ್ಟ್‌ವರೆಗಿನ ಲೆಕ್ಕ. ಅಕೌಂಟ್ಸ್‌ನವರದ್ದು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ, ಚೀಟಿ ಸಿಸ್ಟಮ್‌ಗೆ ಏರಿದ ತಾರೀಖಿನ ಪ್ರಕಾರ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಸಕ್ಕರೆ ಇಳುವರಿಯ ಶೇಕಡಾವಾರು ಲೆಕ್ಕಕ್ಕೆ ಯಾವ ಅಂಕಿಯಿಂದ ಭಾಗಿಸಬೇಕು ಎಂಬ ಪ್ರಶ್ನೆ ಬಂದಾಗ ಮೀಟಿಂಗ್ ಅರ್ಧ ದಿನ ತಿನ್ನುತ್ತದೆ.

ಈ ಮೂರಕ್ಕೂ ಬೇರೆ ಬೇರೆ ಹೆಸರಿಟ್ಟು, ಯಾವುದು ಎಲ್ಲಿ ಬಳಕೆಯಾಗಬೇಕೆಂದು ಬರೆದು, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರರನ್ನು ಗೊತ್ತುಮಾಡಿ, ಎಲ್ಲರಿಂದ ಸಹಿ ಹಾಕಿಸುವುದೇ ಡೇಟಾ ಗವರ್ನೆನ್ಸ್. ಸಾಫ್ಟ್‌ವೇರ್ ಬರುವುದು ಅದರ ಹಿಂದೆ. ಅರ್ಧಕ್ಕರ್ಧ ಪಂಚಾಯ್ತಿ ಬಗೆಹರಿಸುವ ಕೆಲಸ ಇದು. ಆಯ್ಕೆಯಲ್ಲಿ ಎಡವುವವರು ಎಡವುವುದೂ ಇಲ್ಲೇ: ಟೂಲ್ ಬಲ್ಲವರನ್ನು ಹುಡುಕುತ್ತಾರೆ, ಮೂರು ವಿಭಾಗದ ಮುಖ್ಯಸ್ಥರನ್ನು ಒಂದು ಮಾತಿಗೆ ತರಬಲ್ಲವರನ್ನು ಹುಡುಕುವುದಿಲ್ಲ.

ಅಳತೆಗೋಲುಗಳು

ಮೊದಲನೆಯದು ವ್ಯಕ್ತಿಗೆ ಸಂಬಂಧಿಸಿದ್ದೇ ಅಲ್ಲ, ಕುರ್ಚಿಗೆ ಸಂಬಂಧಿಸಿದ್ದು. ಈ ಮ್ಯಾನೇಜರ್ ಯಾರಿಗೆ ವರದಿ ಮಾಡುತ್ತಾರೆ? ಸಿಎಫ್‌ಒ (ಹಣಕಾಸು ಮುಖ್ಯಸ್ಥರು), ಸಿಒಒ (ಕಾರ್ಯಾಚರಣೆ ಮುಖ್ಯಸ್ಥರು) ಅಥವಾ ನೇರ ಎಂಡಿ ಆದರೆ ಸರಿ. ಐಟಿ ಕೆಳಗೆ ಕೂರಿಸಿದರೆ ಎಲ್ಲ ವಿಭಾಗದವರೂ ಇದನ್ನು ಕಂಪ್ಯೂಟರ್ ಕೆಲಸವೆಂದು ಬಗೆದು ಕೈತೊಳೆದುಕೊಳ್ಳುತ್ತಾರೆ. ಕುರ್ಚಿ ಸರಿಯಿಲ್ಲದಿದ್ದರೆ ಕೆಳಗಿನ ಯಾವ ಆಯ್ಕೆಯೂ ಕೈ ಹಿಡಿಯುವುದಿಲ್ಲ.

ಎರಡನೆಯದು, ಈ ವಿದ್ಯೆಯ ತಿಳಿವಳಿಕೆ. ಡೇಟಾದ ಮಾಲೀಕರು ಯಾರು, ದಿನನಿತ್ಯ ಅದನ್ನು ನೋಡಿಕೊಳ್ಳುವ ಸ್ಟೀವರ್ಡ್ ಯಾರು, ಗುಣಮಟ್ಟದ ನಿಯಮ ಬರೆಯುವುದು ಹೇಗೆ, ಒಂದು ಅಂಕಿ ಕಾಟಾದಿಂದ ಬ್ಯಾಲೆನ್ಸ್ ಶೀಟ್‌ವರೆಗೆ ಹರಿದು ಬಂದ ದಾರಿಯನ್ನು ಗುರುತಿಸುವುದು ಹೇಗೆ. ಡೇಟಾ ನಿರ್ವಹಣೆ ವೃತ್ತಿಯವರ ಅಂತರರಾಷ್ಟ್ರೀಯ ಸಂಘವಾದ ಡಾಮಾ ಸಂಸ್ಥೆಯ ಡಿಎಂಬಿಒಕೆ ಕೈಪಿಡಿಯ ಎರಡನೇ ಆವೃತ್ತಿ 2017ರದು. ಅದನ್ನು ಆಧರಿಸಿದ ಸಿಡಿಎಂಪಿ ಪರೀಕ್ಷೆಯಲ್ಲಿ ಶೇ. 60 ಬಂದರೆ ಅಸೋಸಿಯೇಟ್, 70 ಬಂದರೆ ಪ್ರಾಕ್ಟಿಷನರ್ ಮಟ್ಟ. ಬಯೋಡೇಟಾದಲ್ಲಿ ಇದು ಕಂಡರೆ ಓದಿಕೊಂಡಿದ್ದಾರೆ ಎಂದು ತಿಳಿಯಿರಿ, ಅಷ್ಟೇ. ಕೆಲಸ ಮಾಡಿದ್ದಾರೆಯೇ ಎಂಬುದು ಬೇರೆ ವಿಚಾರ.

ಮೂರನೆಯದು, ವಿಭಾಗಗಳು ಇವರ ಮಾತು ಕೇಳುತ್ತವೆಯೇ. ನಾಲ್ಕನೆಯದು ಕಾನೂನು. ಇದನ್ನು ಮುಂದೆ ವಿವರವಾಗಿ ನೋಡೋಣ. ಐದನೆಯದು ಭಾಷೆ ಮತ್ತು ಊರು. ಕನ್ನಡ ಬೇಕೇ ಬೇಕು. ಬೆಳಗಾವಿಯ ಗಡಿ ಭಾಗದಲ್ಲಿ ಮರಾಠಿ ಓದಲು ಬರಬೇಕು, ಯಾಕೆಂದರೆ ಅಲ್ಲಿ ರೈತರ ಹೆಸರು ಒಂದು ಕಾಗದದಲ್ಲಿ ಕನ್ನಡದಲ್ಲಿ, ಇನ್ನೊಂದರಲ್ಲಿ ದೇವನಾಗರಿಯಲ್ಲಿ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಕೊನೆಯದು ಹಣ ಮತ್ತು ಸಮಯ.

ಒಳಗಿನವರನ್ನು ಏರಿಸುವುದು

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಮಾತಿಗೆ ಅತಿ ಹೆಚ್ಚು ಬಲಿಯಾಗುವ ಆಯ್ಕೆ ಇದು. ಕಬ್ಬಿನ ಕಚೇರಿ, ಸ್ಟೋರ್ಸ್, ಕಾಸ್ಟಿಂಗ್ ವಿಭಾಗಗಳಲ್ಲಿ ಇಆರ್‌ಪಿ (ಎಲ್ಲ ವಿಭಾಗಗಳ ಲೆಕ್ಕವನ್ನು ಒಂದೇ ಕಡೆ ಇಡುವ ಸಾಫ್ಟ್‌ವೇರ್) ತಂದಾಗ ಮುಂದೆ ನಿಂತು ದುಡಿದವರೊಬ್ಬರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಯಾವ ಅಂಕಿ ಎಲ್ಲಿ ತಪ್ಪುತ್ತದೆ, ಯಾರ ಎಕ್ಸೆಲ್ ಫೈಲ್ ನಿಜವಾದ ದಾಖಲೆ, ಯಾವ ಕ್ಲರ್ಕ್ ಕೋಡ್ ಸಿಗದಾಗ "ಇತರೆ" ಎಂದು ತುಂಬುತ್ತಾರೆ, ಇದೆಲ್ಲ ಇವರಿಗೆ ಗೊತ್ತು. ಹೊರಗಿನವರಿಗೆ ಇಷ್ಟು ತಿಳಿಯಲು ಒಂದು ಇಡೀ ಹಂಗಾಮು ಬೇಕು.

ರೈತರ ಮಾಸ್ಟರ್ ಪಟ್ಟಿಯನ್ನೇ, ಅಂದರೆ ಎಲ್ಲ ವಿಭಾಗಗಳೂ ಬಳಸುವ ಮೂಲ ಪಟ್ಟಿಯನ್ನೇ ನೋಡಿ. ಒಬ್ಬರೇ ರೈತರು ಶಿವಪ್ಪ ಎಂದು ಒಮ್ಮೆ, ಶಿವಾಪ್ಪಾ ಎಂದು ಒಮ್ಮೆ, ತಂದೆಯ ಹೆಸರು ಮುಂದಿಟ್ಟು ಇನ್ನೊಮ್ಮೆ ನೋಂದಣಿಯಾಗಿರುತ್ತಾರೆ. ಜ್ಞಾನೇಶ್ವರ ಇನ್ನೊಂದು ಪಟ್ಟಿಯಲ್ಲಿ ದ್ಯಾನೇಶ್ವರ. ಹೆಸರು ಹೋಲಿಸಿ ನಕಲು ತೆಗೆಯುವ ಸಾಫ್ಟ್‌ವೇರ್ ಇಲ್ಲಿ ಮುಗ್ಗರಿಸುತ್ತದೆ. ಹಾಗಾದರೆ ಬ್ಯಾಂಕ್ ಖಾತೆ ಸಂಖ್ಯೆಯನ್ನೇ ಹಿಡಿಯೋಣವೆಂದರೆ, ಕೂಡುಕುಟುಂಬದಲ್ಲಿ ಅಪ್ಪ, ಇಬ್ಬರು ಮಕ್ಕಳ ಹೊಲದ ಕಬ್ಬಿಗೂ ಒಂದೇ ಖಾತೆ ಕೊಟ್ಟಿರುತ್ತಾರೆ. ಅವರು ಮೂವರು ಬೇರೆ ಬೇರೆ ರೈತರೇ ಹೊರತು ನಕಲಲ್ಲ. ಸರ್ವೆ ನಂಬರ್ ಮತ್ತು ಹಿಸ್ಸಾ ಮೊದಲು, ಫ್ರೂಟ್ಸ್ ಐಡಿ (ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ) ಇದ್ದರೆ ಅದರ ಜತೆಗೆ, ಆಮೇಲೆ ಬ್ಯಾಂಕ್ ಖಾತೆ, ಹೆಸರು ಕಟ್ಟಕಡೆಗೆ: ಹೋಲಿಕೆಯ ಕ್ರಮ ಹೀಗಿರಬೇಕು. ನಕಲು ಎಂದು ಖಚಿತವಾದ ರೈತರ ಕೋಡ್ ಅನ್ನು ಅಳಿಸಲೂ ಬಾರದು. ಅದಕ್ಕೆ ಷೇರು, ಬೀಜದ ಮುಂಗಡ, ಹಳೆ ಬಾಕಿ ಅಂಟಿಕೊಂಡಿರುತ್ತವೆ. ಹೊಸ ವಹಿವಾಟಿಗೆ ತಡೆಹಾಕಿ, ಉಳಿಸಿಕೊಂಡ ಕೋಡ್‌ಗೆ ಕೊಂಡಿ ಕೊಟ್ಟು, ಬಾಕಿಯನ್ನು ಜರ್ನಲ್ ಮೂಲಕ ವರ್ಗಾಯಿಸಬೇಕು. ಒಳಗಿನವರು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಾರೆ.

ಇದನ್ನು ಕಾಗದದ ಶಿಸ್ತು ಎಂದು ತಳ್ಳಿಹಾಕುವ ಹಾಗೂ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15 ಬಡ್ಡಿ. ಖಾತೆ ಸಂಖ್ಯೆಯೋ ಐಎಫ್‌ಎಸ್‌ಸಿಯೋ ತಪ್ಪಿ ವಾಪಸ್ ಬಂದ ಪಾವತಿ ಆ 14 ದಿನಗಳನ್ನು ನುಂಗಿಹಾಕುತ್ತದೆ.

ಇನ್ನು ಕೊರತೆಗಳು. ಒಳಗಿನವರಿಗೆ ತಮ್ಮ ಹಳೆಯ ವಿಭಾಗದ ಮೇಲೆ ಒಲವು ಹೋಗುವುದಿಲ್ಲ. ಅದಕ್ಕಿಂತ ದೊಡ್ಡದು, ನಿನ್ನೆಯವರೆಗೆ ಕೈಕೆಳಗಿದ್ದವರ ಮಾತನ್ನು ಇಂದು ಒಪ್ಪಲು ಅವರ ಹಿಂದಿನ ಮೇಲಧಿಕಾರಿ ಸಿದ್ಧರಿರುವುದಿಲ್ಲ. ಅದಕ್ಕೇ ಇವರನ್ನು ಏರಿಸುವುದಾದರೆ ಹುದ್ದೆಯ ಮಟ್ಟವನ್ನೂ ಅದೇ ಆದೇಶದಲ್ಲಿ ಏರಿಸಿ, ಹಳೆಯ ಕೆಲಸವನ್ನು ಪೂರ್ತಿ ಬಿಡಿಸಿ. "ಸದ್ಯಕ್ಕೆ ಎರಡನ್ನೂ ನೋಡಿಕೊಳ್ಳಿ" ಎಂದಿರೋ, ಹಂಗಾಮು ಶುರುವಾದ ವಾರದಲ್ಲೇ ಅವರು ಮತ್ತೆ ಕಬ್ಬಿನ ಕಚೇರಿಯಲ್ಲಿ ಕೂತಿರುತ್ತಾರೆ. ವಿದ್ಯೆಯ ಕೊರತೆ ಓದಿನಿಂದ ತುಂಬುವಂಥದ್ದು. ಆರು ತಿಂಗಳ ಓದು, ಪರೀಕ್ಷೆಯ ಶುಲ್ಕ, ಪಕ್ಕದಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಬಲ್ಲ ಒಬ್ಬ ಯುವ ಎಂಜಿನಿಯರ್ ಸಾಕು. ವಿಟಿಯು ಬೆಳಗಾವಿಯಲ್ಲೇ ಇದೆ, ಮೂರೂ ಜಿಲ್ಲೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಂಥ ಹುಡುಗ–ಹುಡುಗಿಯರಿಗೆ ಇಲ್ಲಿ ಬರವಿಲ್ಲ.

ಪುಣೆ, ಬೆಂಗಳೂರಿನಿಂದ ಕರೆತರುವುದು

ಬ್ಯಾಂಕ್, ವಿಮೆ, ಔಷಧ ಕಂಪನಿಗಳಲ್ಲಿ ಡೇಟಾ ಗವರ್ನೆನ್ಸ್ ಬಹಳ ಹಿಂದೆಯೇ ಬೇರೂರಿದೆ. ಅಪಾಯದ ವರದಿಗಳ ಅಂಕಿ ಅಂಶಕ್ಕೆ ಬ್ಯಾಂಕುಗಳ ಬಾಸೆಲ್ ಸಮಿತಿ 2013ರಲ್ಲೇ ಬಿಸಿಬಿಎಸ್ 239 ಎಂಬ ನಿಯಮಾವಳಿ ತಂದಿತು. ಅಂಥ ಕಡೆ ಐದಾರು ವರ್ಷ ಮಾಡಿದವರಿಗೆ ಸಮಿತಿ ಕಟ್ಟುವುದು, ನೀತಿ ಬರೆಯುವುದು, ಯಾವ ಡೇಟಾ ಎಲ್ಲಿದೆ ಎಂಬ ಕ್ಯಾಟಲಾಗ್ ಕಟ್ಟುವುದು ಕರತಲಾಮಲಕ. ವಿದೇಶಿ ಗ್ರಾಹಕರ ಆಡಿಟ್ ಎದುರಿಸುವ ಕಂಪನಿಗೆ, ಉದಾಹರಣೆಗೆ ಹತ್ತರಗಿ ಅಥವಾ ಉದ್ಯಮಬಾಗದಲ್ಲಿ ರಫ್ತಿಗೆ ಬಿಡಿಭಾಗ ಮಾಡುವವರಿಗೆ, ಈ ಆಯ್ಕೆಯೇ ಹೆಚ್ಚು ಹೊಂದುತ್ತದೆ. ಅಲ್ಲಿ ಪ್ರತಿ ಭಾಗದ ಹೀಟ್ ನಂಬರ್ (ಅದರ ಲೋಹ ಕರಗಿಸಿದ ಬ್ಯಾಚ್‌ನ ಸಂಖ್ಯೆ), ಡ್ರಾಯಿಂಗ್‌ನ ಪರಿಷ್ಕರಣೆ ಸಂಖ್ಯೆ, ತಪಾಸಣೆ ದಾಖಲೆ ಒಂದಕ್ಕೊಂದು ಹೊಂದಿರಲೇಬೇಕು. ಆಡಿಟರ್ ಮುಂದೆ ಮಾತಾಡುವ ರೂಢಿಯೂ ಬೇಕು.

ಖರ್ಚನ್ನು ಸಂಬಳವೊಂದರಲ್ಲೇ ಅಳೆಯಬೇಡಿ. ನೇಮಕಾತಿ ಏಜೆನ್ಸಿ ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಕೇಳುವುದು ವಾಡಿಕೆ. ಹಿರಿಯ ಹುದ್ದೆಗೆ ಅದಕ್ಕೂ ಹೆಚ್ಚು. ಮನೆ ಬಾಡಿಗೆ, ಸಾಮಾನು ಸಾಗಣೆ, ಊರಿಗೆ ಹೋಗಿಬರುವ ಖರ್ಚು ಸೇರಿಸಿ. ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ ಬಹುತೇಕ 90 ದಿನ. ಆ ಮೂರು ತಿಂಗಳಲ್ಲಿ ಅವರಿಗೆ ಬೇರೆ ಆಫರ್ ಬಂದು ಕೊನೆಯ ವಾರ "ಬರಲಾಗುವುದಿಲ್ಲ" ಎನ್ನುವುದು ಮಾಮೂಲು. ಎರಡನೇ ಹೆಸರನ್ನು ಜೇಬಿನಲ್ಲಿ ಇಟ್ಟುಕೊಂಡಿರಿ.

ದೊಡ್ಡ ಅಪಾಯ ಮಾತ್ರ ಬೇರೆಯೇ. ಬ್ಯಾಂಕಿನಲ್ಲಿ ನೂರಾರು ಜನರ ತಂಡ, ದುಬಾರಿ ಟೂಲ್‌ಗಳ ನಡುವೆ ಕೆಲಸ ಮಾಡಿದವರು ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಕೊಲಿಬ್ರಾ, ಇನ್‌ಫರ್ಮ್ಯಾಟಿಕಾದಂಥ ಸಾಫ್ಟ್‌ವೇರ್‌ಗೆ ಬಜೆಟ್ ಕೇಳುತ್ತಾರೆ. ಮೊದಲ ವರ್ಷ ಅದು ಬೇಡ. ಮುಖ್ಯವಾದ 30 ಡೇಟಾ ಅಂಶಗಳಿಗೆ ಎಕ್ಸೆಲ್ ರಿಜಿಸ್ಟರ್ ಸಾಕು. ಬೆಳೆದ ಮೇಲೆ ಓಪನ್‌ಮೆಟಾಡೇಟಾ, ಡೇಟಾಹಬ್‌ನಂಥ ಲೈಸೆನ್ಸ್ ಶುಲ್ಕವಿಲ್ಲದವು ಇವೆ. ಆದರೆ ಅವಕ್ಕೂ ಒಂದು ಸರ್ವರ್ ಮತ್ತು ಒಬ್ಬ ಎಂಜಿನಿಯರ್‌ನ ಸಮಯ ಬೇಕು, ಬಿಟ್ಟಿ ಎಂಬುದು ಲೈಸೆನ್ಸಿಗಷ್ಟೇ.

ಉಳಿಯುತ್ತಾರೆಯೇ ಎಂಬುದೂ ನೋಡಬೇಕು. ಊರು ಇಲ್ಲೇ ಇದ್ದು, ಅಪ್ಪ–ಅಮ್ಮ ಗೋಕಾಕಿನಲ್ಲೋ ಜಮಖಂಡಿಯಲ್ಲೋ ಇಂಡಿಯಲ್ಲೋ ಇರುವವರು ಮೂಲ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದರೂ ಒಮ್ಮೆ ಕರೆದು ಮಾತಾಡಿಸಿ. ಬೆಳಗಾವಿಯಿಂದ ಪುಣೆಗೂ ಬೆಂಗಳೂರಿಗೂ ಈಗ ವಂದೇ ಭಾರತ್ ಓಡುತ್ತಿದೆ, ವಾರಾಂತ್ಯಕ್ಕೆ ಹೋಗಿಬರುವವರಿಗೆ ತಡೆಯಿಲ್ಲ. ಆದರೆ ಘಟಕ ಮುಧೋಳದ ಆಚೆ ಇದ್ದರೆ ಆ ಲೆಕ್ಕ ನಡೆಯುವುದಿಲ್ಲ. ವಾರದಲ್ಲಿ ನಾಲ್ಕು ದಿನ ಘಟಕದಲ್ಲಿ ಇರಬೇಕೆಂದು ಮೊದಲ ಮಾತಿನಲ್ಲೇ ಹೇಳಿಬಿಡಿ.

ಐಟಿ ಮುಖ್ಯಸ್ಥರಿಗೇ ಹೆಚ್ಚುವರಿ ಹೊಣೆ

ಅಗ್ಗ, ತಕ್ಷಣ, ಮತ್ತು ಬಹುತೇಕ ಸಂದರ್ಭಗಳಲ್ಲಿ ವ್ಯರ್ಥ. ಸರ್ವರ್ ಕೆಟ್ಟ ದಿನ ಸರ್ವರೇ ಗೆಲ್ಲುತ್ತದೆ, ಡೇಟಾದ ವ್ಯಾಖ್ಯೆ ಮುಂದಿನ ವಾರಕ್ಕೆ ಹೋಗುತ್ತದೆ. ಜತೆಗೆ, ಡೇಟಾದ ತಪ್ಪು ಇಆರ್‌ಪಿಯ ವಿನ್ಯಾಸದಲ್ಲೇ ಇದ್ದರೆ ಅದನ್ನು ಎತ್ತಿ ತೋರಿಸಬೇಕಾದವರೇ ಅದನ್ನು ಕಟ್ಟಿದವರಾಗಿರುತ್ತಾರೆ. ಒಂದೇ ಘಟಕವಿದ್ದು, ಐಟಿ ಮುಖ್ಯಸ್ಥರು ಮೊದಲು ಕಾಸ್ಟಿಂಗ್‌ನಲ್ಲೋ ಉತ್ಪಾದನೆಯಲ್ಲೋ ಇದ್ದು ಬಂದವರಾದರೆ ಮಾತ್ರ ಯೋಚಿಸಬಹುದು.

ಸಲಹೆಗಾರರು

ಸಲಹಾ ಸಂಸ್ಥೆ ಮೂರ್ನಾಲ್ಕು ತಿಂಗಳಲ್ಲಿ ನೀತಿ, ಸಮಿತಿಯ ರಚನೆ, ಡೇಟಾ ನಿರ್ವಹಣೆಯಲ್ಲಿ ಕಂಪನಿ ಎಷ್ಟು ಪಳಗಿದೆ ಎಂಬ ಅಂಕಪಟ್ಟಿ ಎಲ್ಲ ಕೊಟ್ಟು ಹೋಗುತ್ತದೆ. ಹೋದ ಮೇಲೆ ಆ ಫೈಲನ್ನು ನಡೆಸುವವರು ಇಲ್ಲದಿದ್ದರೆ ಅದು ಕಪಾಟಿನ ಸ್ವತ್ತು. ಇವರಿಂದ ಲಾಭವಾಗಬೇಕಾದರೆ ಒಪ್ಪಂದವನ್ನು ಬೇರೆ ರೀತಿ ಬರೆಯಿರಿ: ವರದಿಗೆ ದುಡ್ಡು ಎನ್ನಬೇಡಿ, ಇಷ್ಟು ವ್ಯಾಖ್ಯೆಗಳಿಗೆ ವಿಭಾಗ ಮುಖ್ಯಸ್ಥರ ಸಹಿ, ಒಂದು ಮಾಸ್ಟರ್ ಪಟ್ಟಿಯ ಶುದ್ಧೀಕರಣ, ನಮ್ಮ ಇಬ್ಬರಿಗೆ ತರಬೇತಿ, ಹೀಗೆ ಮುಗಿದ ಕೆಲಸಕ್ಕೆ ಕಂತು ಎನ್ನಿ. ಒಳಗಿನವರನ್ನು ಏರಿಸಿ, ಅವರಿಗೆ ಜತೆಯಾಗಿ ತಿಂಗಳಿಗೆ ನಾಲ್ಕು ದಿನದ ಸಲಹೆಗಾರರನ್ನು ಒಂದು ವರ್ಷಕ್ಕೆ ಇಟ್ಟುಕೊಳ್ಳುವುದು ಈ ಭಾಗದ ಹೆಚ್ಚಿನ ಕಂಪನಿಗಳಿಗೆ ಒಪ್ಪುವ ಜೋಡಿ ಎಂಬುದು ನಮ್ಮ ಅಭಿಪ್ರಾಯ. ಸಲಹೆಗಾರರ ಮಾತಿಗೆ ಮೇಲಿನವರು ಕಿವಿಗೊಡುತ್ತಾರೆ, ಒಳಗಿನವರು ಅದನ್ನು ಕೆಳಗೆ ಇಳಿಸುತ್ತಾರೆ.

ನಿವೃತ್ತ ಬ್ಯಾಂಕ್ ಅಧಿಕಾರಿಗಳ ಬಗ್ಗೆ ಒಂದು ಮಾತು. ದಾಖಲೆಯ ಶಿಸ್ತು, ಆಡಿಟ್‌ನ ಕಣ್ಣು, ಗ್ರಾಹಕರ ಕೆವೈಸಿ ಅನುಭವ ಇವರಲ್ಲಿ ಇರುತ್ತದೆ. ಮ್ಯಾನೇಜರ್ ಕುರ್ಚಿಗಿಂತ ಸಮಿತಿಯ ಸಲಹಾ ಸದಸ್ಯರಾಗಿ ಇವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಕಾನೂನು ಆಯ್ಕೆಯನ್ನು ಎಲ್ಲಿ ತಿರುಗಿಸುತ್ತದೆ

ವೈಯಕ್ತಿಕ ಡೇಟಾ ರಕ್ಷಣೆಯ ಡಿಪಿಡಿಪಿ ಕಾಯ್ದೆ 2023ರದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ ಜಾರಿಗೆ ಬರುತ್ತವೆ. ಸೂಕ್ತ ಭದ್ರತೆ ಇಡದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸೋರಿಕೆ ಗೊತ್ತಾದ ಮೇಲೆ ಆ ಕಾಯ್ದೆಯ ಡೇಟಾ ರಕ್ಷಣಾ ಮಂಡಳಿಗೆ ವಿವರವಾದ ವರದಿ ಕೊಡಲು 72 ಗಂಟೆ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್‌ನ 2022ರ ನಿರ್ದೇಶನವಂತೂ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ತಿಳಿಸಿ ಎನ್ನುತ್ತದೆ.

ಕಾರ್ಖಾನೆಗೆ ಎಂಥ ವೈಯಕ್ತಿಕ ಡೇಟಾ ಎನ್ನಬೇಡಿ. ಸಾವಿರಾರು ರೈತರ ಆಧಾರ್ ಝೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ, ಕಟಾವು ಗ್ಯಾಂಗ್‌ನವರ ಮುಂಗಡದ ಕಾಗದ ವಿಭಾಗೀಯ ಕಚೇರಿಗಳ ಕಪಾಟಿನಲ್ಲೂ ಫೀಲ್ಡ್‌ಮನ್‌ಗಳ ವಾಟ್ಸಾಪ್‌ನಲ್ಲೂ ಬಿದ್ದಿರುತ್ತವೆ. ಫೋಟೊ ತೆಗೆದು ಗ್ರೂಪಿಗೆ ಹಾಕುವ ಅಭ್ಯಾಸವನ್ನು ನಿಲ್ಲಿಸಬಲ್ಲವರು ಯಾರು ಎಂದು ಕೇಳಿಕೊಳ್ಳಿ. ಪುಣೆಯ ತಜ್ಞರು ನೀತಿಯನ್ನು ಸೊಗಸಾಗಿ ಬರೆಯುತ್ತಾರೆ. ಕಾಗವಾಡದ ಫೀಲ್ಡ್‌ಮನ್ ಫೋನಿನಿಂದ ಆ ಫೋಟೊ ಅಳಿಸುವುದು ಮಾತ್ರ ಒಳಗಿನವರ ಮಾತಿಗೇ.

ಇಲ್ಲಿ ಎರಡು ಹುದ್ದೆಗಳನ್ನು ಬೆರೆಸುವುದು ಕಂಡುಬರುತ್ತದೆ. ಡೇಟಾ ಪ್ರೊಟೆಕ್ಷನ್ ಆಫೀಸರ್ ಕಡ್ಡಾಯವಾಗುವುದು ಕೇಂದ್ರ ಸರ್ಕಾರ ಗುರುತಿಸಿ ಅಧಿಸೂಚನೆ ಹೊರಡಿಸಿದ ಸಂಸ್ಥೆಗಳಿಗೆ ಮಾತ್ರ. ಅವರು ಭಾರತದಲ್ಲೇ ಇರಬೇಕು, ನಿರ್ದೇಶಕ ಮಂಡಳಿಗೆ ಉತ್ತರದಾಯಿ. ಉಳಿದ ಕಂಪನಿಗಳು ಜನರ ಪ್ರಶ್ನೆಗೆ ಉತ್ತರಿಸುವ ಒಬ್ಬರ ಸಂಪರ್ಕ ವಿವರವನ್ನು ಪ್ರಕಟಿಸಿದರೆ ಸಾಕು. ಗವರ್ನೆನ್ಸ್ ಮ್ಯಾನೇಜರ್ ಆ ಉತ್ತರ ಕೊಡುವವರಾಗಬಹುದು. ಆದರೆ ಜಾಹೀರಾತಿನಲ್ಲಿ ಎರಡೂ ಹೆಸರು ಹಾಕಿದರೆ ವಕೀಲರ ಅರ್ಜಿಗಳೇ ಹೆಚ್ಚು ಬರುತ್ತವೆ, ಮಾಸ್ಟರ್ ಡೇಟಾ ಬಲ್ಲವರು ಹಿಂದೆ ಸರಿಯುತ್ತಾರೆ.

ಲೆಕ್ಕಪತ್ರದ ಕಡೆ ಇನ್ನೊಂದು: 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಅದನ್ನು ಆಫ್ ಮಾಡಲು ಬರಬಾರದು. ಇದರ ಬಗ್ಗೆ ಕೇಳಿದಾಗ ತಡವರಿಸುವ ಅಭ್ಯರ್ಥಿಗೆ ತಯಾರಿಕಾ ಕಂಪನಿಯ ಅನುಭವ ಇಲ್ಲವೆಂದೇ ತಿಳಿಯಿರಿ.

ಸಂದರ್ಶನದಲ್ಲಿ ಏನು ಕೊಡಬೇಕು

ಪ್ರಶ್ನೋತ್ತರಕ್ಕಿಂತ ಒಂದು ಕೆಲಸ ಕೊಡಿ. ಸ್ಟೋರ್ಸ್‌ನ ಐಟಂ ಮಾಸ್ಟರ್‌ನಿಂದ 300 ಸಾಲು, ರೈತರ ಅಥವಾ ಸಪ್ಲೈಯರ್ ಮಾಸ್ಟರ್‌ನಿಂದ 200 ಸಾಲು ತೆಗೆದು ಪ್ರಿಂಟ್ ಮಾಡಿ. ವೈಯಕ್ತಿಕ ವಿವರ, ಖಾತೆ ಸಂಖ್ಯೆಗಳನ್ನು ಬದಲಿಸಿಯೇ ಕೊಡಿ. ಅದನ್ನು ಮರೆತರೆ ಅಲ್ಲೇ ನೀವು ಫೇಲ್. ಒಂದೂವರೆ ಗಂಟೆ ಸಮಯ. ಎಂ16 ಬೋಲ್ಟ್ ಒಂದೇ ನಾಲ್ಕು ಹೆಸರಿನಲ್ಲಿ ಬಂದಿರಲಿ, ಉದ್ದದ ಅಳತೆ ಒಂದು ಕಡೆ ಮಿಲಿಮೀಟರ್‌ನಲ್ಲಿ, ಇನ್ನೊಂದು ಕಡೆ ಇಂಚಿನಲ್ಲಿ ಇರಲಿ. ಒಂದೇ ಖಾತೆಯ ಅಪ್ಪ–ಮಕ್ಕಳೂ ಇರಲಿ.

ಒಳ್ಳೆಯ ಅಭ್ಯರ್ಥಿ ನಕಲುಗಳನ್ನು ಗುರುತಿಸುವ ಮೊದಲೇ "ಹೊಸ ಕೋಡ್ ತೆರೆಯುವ ಅಧಿಕಾರ ಈಗ ಎಷ್ಟು ಜನರಿಗಿದೆ?" ಎಂದು ಕೇಳುತ್ತಾರೆ. ನಲ್ಲಿ ಬಂದ್ ಮಾಡದೆ ನೆಲ ಒರೆಸಿ ಫಲವಿಲ್ಲ ಎಂಬುದು ಅವರಿಗೆ ಗೊತ್ತು. ಅಪ್ಪ–ಮಕ್ಕಳ ಸಾಲುಗಳನ್ನು ಒಂದೇ ಏಟಿಗೆ ಕೂಡಿಸಿದವರಿಗೆ ಯಾಕೆಂದು ಕೇಳಿ. "ಹೊಲ ಬೇರೆ ಇರಬಹುದು, ವಿಚಾರಿಸಬೇಕು" ಎಂದು ತಿದ್ದಿಕೊಂಡರೆ ಸರಿ, ಸಾಫ್ಟ್‌ವೇರ್ ಮೇಲೆ ಹಾಕಿದರೆ ಬೇಡ.

ಎರಡನೇ ಸುತ್ತಿನಲ್ಲಿ ಕಾಟಾ, ಲ್ಯಾಬ್, ಅಕೌಂಟ್ಸ್ ಮುಖ್ಯಸ್ಥರನ್ನು ಎದುರಿಗೆ ಕೂರಿಸಿ, ಮೇಲೆ ಹೇಳಿದ ಮೂರು ಅಂಕಿಗಳ ಜಗಳವನ್ನು 30 ನಿಮಿಷ ನಡೆಸಲು ಬಿಡಿ. ಎಷ್ಟು ಹೊತ್ತು ಕೇಳುತ್ತಾರೆ, ಯಾವಾಗ ಬರೆದುಕೊಳ್ಳುತ್ತಾರೆ, ಕೊನೆಗೆ ಒಂದು ವಾಕ್ಯದ ವ್ಯಾಖ್ಯೆಯನ್ನು ಬೋರ್ಡ್ ಮೇಲೆ ಬರೆದು ಮೂವರಿಂದ ಹೂಂ ಅನ್ನಿಸುತ್ತಾರೆಯೇ ನೋಡಿ. ಸಿಡಿಎಂಪಿ ಪ್ರಮಾಣಪತ್ರಕ್ಕಿಂತ ಈ ಅರ್ಧ ಗಂಟೆಗೆ ಹೆಚ್ಚು ಅಂಕ ಕೊಡಿ.

ಯಾರಿಗೆ ಯಾವುದು

ಮೂರಕ್ಕಿಂತ ಹೆಚ್ಚು ಘಟಕ, ಒಂದಕ್ಕಿಂತ ಹೆಚ್ಚು ಇಆರ್‌ಪಿ, ಷೇರು ಮಾರುಕಟ್ಟೆಯ ಬಾಧ್ಯತೆ ಅಥವಾ ವಿದೇಶಿ ಗ್ರಾಹಕರು ಇದ್ದರೆ ಹೊರಗಿನ ಅನುಭವಿಗೆ ಹಣ ಹಾಕಿ, ಉಪನಾಯಕರಾಗಿ ಒಳಗಿನವರೊಬ್ಬರನ್ನು ಕೊಡಿ. ಒಂದೆರಡು ಘಟಕ, ಒಂದೇ ಇಆರ್‌ಪಿ, ಸಮಸ್ಯೆ ಮುಖ್ಯವಾಗಿ ಮಾಸ್ಟರ್ ಪಟ್ಟಿಗಳದ್ದು ಎಂದಾದರೆ ಒಳಗಿನವರು ಮತ್ತು ತಿಂಗಳಿಗೆ ನಾಲ್ಕು ದಿನದ ಸಲಹೆಗಾರರು. ಬಜೆಟ್ ಬಹಳ ಬಿಗಿ ಇದ್ದರೆ ಒಳಗಿನವರಿಗೆ ಒಬ್ಬ ಯುವ ಎಂಜಿನಿಯರ್ ಕೊಟ್ಟು, ಗುರಿಯನ್ನು ಒಂದೇ ಪಟ್ಟಿಗೆ ಇಳಿಸಿ. ಒಂದು ವರ್ಷಕ್ಕೆ ರೈತರ ಮಾಸ್ಟರ್ ಒಂದೇ ಶುದ್ಧವಾದರೂ ಸಂಬಳ ಹುಟ್ಟಿದಂತೆ.

ಸಮಯದ ಲೆಕ್ಕ ಸಕ್ಕರೆಯವರಿಗೆ ಬಿಗಿಯಾಗಿದೆ. ಮಾಸ್ಟರ್ ಪಟ್ಟಿಯನ್ನು ಬಿಚ್ಚಿ ತಿದ್ದಲು ಸಿಗುವುದು ಕಾರ್ಖಾನೆ ನಿಂತಿರುವ ಬೇಸಿಗೆ–ಮಳೆಗಾಲ ಮಾತ್ರ. ಜೂನ್ ಮೊದಲ ವಾರ ಆಸಾಮಿ ಕುರ್ಚಿಯಲ್ಲಿರಬೇಕಾದರೆ, 90 ದಿನದ ನೋಟಿಸ್ ಕಳೆದು ಫೆಬ್ರವರಿ ಕೊನೆಗೆ ಆಫರ್ ಪತ್ರ ಹೋಗಿರಬೇಕು, ಅಂದರೆ ಜಾಹೀರಾತು ಡಿಸೆಂಬರ್‌ನಲ್ಲೇ. ಒಳಗಿನವರಾದರೆ ಏಪ್ರಿಲ್‌ವರೆಗೆ ಕಾಯಬಹುದು.

ಆಫರ್ ಪತ್ರದಲ್ಲಿ ಸಂಬಳದ ಸಾಲಿನಷ್ಟೇ ಸ್ಪಷ್ಟವಾಗಿ ನಾಲ್ಕು ವಿಷಯ ಇರಲಿ: ಯಾರಿಗೆ ವರದಿ, ಮಾಸ್ಟರ್‌ನಲ್ಲಿ ಹೊಸ ಕೋಡ್ ತಡೆಯುವ ಅಧಿಕಾರ, ಎಂಡಿಯವರ ಅಧ್ಯಕ್ಷತೆಯಲ್ಲಿ ವಿಭಾಗ ಮುಖ್ಯಸ್ಥರು ಬರಲೇಬೇಕಾದ ತಿಂಗಳ ಸಮಿತಿ ಸಭೆ, ಮೊದಲ 90 ದಿನದಲ್ಲಿ ಟೂಲ್ ಖರೀದಿ ಇಲ್ಲ. ಈ ನಾಲ್ಕನೆಯ ಸಾಲನ್ನು ಓದಿ ಹಿಂದೇಟು ಹಾಕಿದವರ ಬದಲು ಜೇಬಿನಲ್ಲಿಟ್ಟುಕೊಂಡ ಎರಡನೇ ಹೆಸರಿಗೆ ಫೋನ್ ಮಾಡಿ.